ಕಪ್ಪು-ಬಿಳುಪು ಪ್ರಿಂಟ್‌ಗೆ ಯಾವ ಸಾಫ್ಟ್‌ವೇರ್?

ಕಪ್ಪು-ಬಿಳುಪು ಪ್ರಿಂಟ್‌ನಲ್ಲಿ ಹಸಿರು ಅಥವಾ ನೇರಳೆ ಛಾಯೆ ಕಾಣುತ್ತಿದ್ದರೆ ತಕ್ಷಣ ಪ್ರಿಂಟರ್ ಬದಲಿಸಬೇಡಿ. ಸಾಮಾನ್ಯ ಡ್ರೈವರ್ (ಕಂಪ್ಯೂಟರಿನಿಂದ ಪ್ರಿಂಟರ್ ನಡೆಸುವ ತಂತ್ರಾಂಶ) ಬೂದುಬಣ್ಣಕ್ಕೂ ಬಣ್ಣದ ಶಾಯಿಗಳನ್ನು ಧಾರಾಳವಾಗಿ ಬೆರೆಸುತ್ತದೆ; ಹಾಗಾಗಿ ಟ್ಯೂಬ್‌ಲೈಟ್ ಕೆಳಗೆ ಒಂದು ಬಣ್ಣ, ಬಿಸಿಲಲ್ಲಿ ಇನ್ನೊಂದು.

ನಿಮ್ಮದು ಎಪ್ಸನ್ ಫೋಟೋ ಪ್ರಿಂಟರ್ ಆಗಿದ್ದು, ಕಪ್ಪಿನ ಜೊತೆ ತಿಳಿಗಪ್ಪು ಶಾಯಿಗಳೂ ಇದ್ದರೆ, ಮೊದಲು ಡ್ರೈವರ್‌ನಲ್ಲೇ ಇರುವ 'ಅಡ್ವಾನ್ಸ್ಡ್ ಬ್ಲ್ಯಾಕ್ ಅಂಡ್ ವೈಟ್' ಮೋಡ್ ಬಳಸಿ. ಖರ್ಚಿಲ್ಲ, ಬಹಳ ಮಂದಿಗೆ ಇಷ್ಟೇ ಸಾಕು.

ಅದಕ್ಕಿಂತ ಹೆಚ್ಚು ಹಿಡಿತ ಬೇಕೆಂದರೆ, ಡ್ರೈವರ್ ಬದಲು ಬಳಸುವ ಪ್ರಿಂಟಿಂಗ್ ಸಾಫ್ಟ್‌ವೇರ್ ಇದೆ: ರಾಯ್ ಹ್ಯಾರಿಂಗ್ಟನ್ ಅವರ 'ಕ್ವಾಡ್‌ಟೋನ್ ರಿಪ್'. ಪ್ರತಿ ಶಾಯಿಯ ಪ್ರಮಾಣವನ್ನೂ ಬೇರೆಬೇರೆಯಾಗಿ ನಿಗದಿ ಮಾಡಬಹುದು. ಕಾಗದಕ್ಕೆ ತಕ್ಕ ಕರ್ವ್ (ಯಾವ ಬೂದು ಮಟ್ಟಕ್ಕೆ ಯಾವ ಶಾಯಿ ಎಷ್ಟು ಎಂಬ ಲೆಕ್ಕ) ಆರಿಸಬೇಕು. ಕಲಿಯಲು ತಾಳ್ಮೆ ಬೇಕು, ಆದರೆ ಮ್ಯಾಟ್ ಕಾಗದದ ನೆರಳುಗಳು ಬಿಡಿಬಿಡಿಯಾಗಿ ಎದ್ದು ಬಂದಾಗ ಆಗುವ ಸಂತೋಷವೇ ಬೇರೆ! ದೊಡ್ಡ ಹಾಳೆಗೆ ಕೈಹಾಕುವ ಮುನ್ನ ಬಿಳಿಯಿಂದ ಕಪ್ಪಿನವರೆಗೆ 21 ಮೆಟ್ಟಿಲಿನ ಬೂದುಪಟ್ಟಿ ಪ್ರಿಂಟ್ ಮಾಡಿ, ಒಣಗಿದ ಮೇಲೆ ಹಗಲು ಬೆಳಕಲ್ಲಿ ನೋಡಿ.