ಕೊಡಗಿನಿಂದ ಮುಂಬೈಗೆ: ಹೊಸ ಕುಟುಂಬಗಳಿಗೆ ಮೊದಲ ಹನ್ನೊಂದು ತಿಂಗಳ ಮಾರ್ಗದರ್ಶಿ

ಪೊನ್ನಂಪೇಟೆಯಲ್ಲೋ ಕುಶಾಲನಗರದಲ್ಲೋ ಎಂಜಿನಿಯರಿಂಗ್ ಓದಿ, ಮೈಸೂರು ಬೆಂಗಳೂರುಗಳಲ್ಲಿ ಕೆಲವು ವರ್ಷ ದುಡಿದು, ಈಗ ಮುಂಬೈಯಲ್ಲಿ ಕೆಲಸ ಸಿಕ್ಕಿ ಸಂಸಾರ ಸಮೇತ ಹೊರಟಿರುವ ಕೊಡಗಿನವರಿಗಾಗಿ ನಮ್ಮ ಸಂಘವು ಈ ಮಾರ್ಗದರ್ಶಿಯನ್ನು ಸಿದ್ಧಪಡಿಸಿದೆ. ಮನೆಯಲ್ಲಿ ಕೊಡವ ತಕ್ಕ್ ಆಡುವವರು, ಅರೆಭಾಷೆಯವರು, ತುಳು, ಬ್ಯಾರಿ, ಮಲಯಾಳಂ ಮಾತಾಡುವವರು ಎಲ್ಲರೂ ನಮ್ಮಲ್ಲಿದ್ದಾರೆ. ಸಂಘದಲ್ಲಿ ಕನ್ನಡ ನಮ್ಮೆಲ್ಲರ ನಡುವಿನ ಮಾತು. ಈ ಊರಿನಲ್ಲಿ ಬಾಡಿಗೆ ಕರಾರುಗಳು ಸಾಮಾನ್ಯವಾಗಿ 11 ತಿಂಗಳಿನವು. ಆ ಮೊದಲ ಕರಾರು ಮುಗಿಯುವವರೆಗೆ ಹಿಂತಿರುಗಿಸಲಾಗದ ಯಾವ ತೀರ್ಮಾನವನ್ನೂ ತೆಗೆದುಕೊಳ್ಳಬೇಡಿ ಎಂಬುದೇ ನಮ್ಮ ಮುಖ್ಯ ಸಲಹೆ. ತೋಟವನ್ನು ಅಡವಿಟ್ಟು ಫ್ಲ್ಯಾಟ್ ಕೊಳ್ಳುವುದು, ದೊಡ್ಡ ತರಗತಿಯ ಮಗುವನ್ನು ಶಾಲೆ ಬಿಡಿಸುವುದು, ಊರಿನ ಮನೆಯನ್ನು ಪೂರ್ತಿ ಮುಚ್ಚಿಬಿಡುವುದು, ಇವೆಲ್ಲ ಒಂದು ಮಳೆಗಾಲವನ್ನೂ ಒಂದು ಕಾಫಿ ಕೊಯ್ಲನ್ನೂ ಇಲ್ಲಿಂದ ಕಂಡ ಮೇಲೆ ಯೋಚಿಸಬೇಕಾದ ವಿಷಯಗಳು.

ಹೊರಡುವ ಮೊದಲು ಹಣದ ಲೆಕ್ಕ

ಆಫರ್ ಲೆಟರ್‌ನಲ್ಲಿ ಬರೆದಿರುವ ವಾರ್ಷಿಕ ಮೊತ್ತವನ್ನು ಹನ್ನೆರಡರಿಂದ ಭಾಗಿಸಿದರೆ ಬರುವ ಸಂಖ್ಯೆ ನಿಮ್ಮ ಕೈ ಸೇರುವ ಸಂಬಳವಲ್ಲ. ಕಂಪನಿ ಭವಿಷ್ಯನಿಧಿಗೆ ಕಟ್ಟುವ ಪಾಲು, ಗ್ರಾಚ್ಯುಟಿ, ವರ್ಷದ ಕೊನೆಗೆ ಕೆಲಸದ ಮೌಲ್ಯಮಾಪನದ ಮೇಲೆ ಕೊಡುವ ಬೋನಸ್, ಕೆಲವೆಡೆ ಆರೋಗ್ಯ ವಿಮೆಯ ಕಂತು ಕೂಡ ಅದರೊಳಗೆ ಸೇರಿರುತ್ತವೆ. ಆದ್ದರಿಂದ ತೆರಿಗೆ ಕಳೆದು ತಿಂಗಳಿಗೆ ಬ್ಯಾಂಕಿಗೆ ಬೀಳುವ ಮೊತ್ತವೆಷ್ಟು ಎಂದು ಸಹಿ ಹಾಕುವ ಮೊದಲೇ ಕಂಪನಿಯಿಂದ ಲಿಖಿತವಾಗಿ ಕೇಳಿ ಪಡೆಯಿರಿ. ಸ್ಥಳಾಂತರ ಭತ್ಯೆ ಕೊಡುತ್ತೇವೆಂದು ಹೇಳಿದ್ದರೆ, ಅದನ್ನು ಮುಂಚೆಯೇ ಕೊಡುತ್ತಾರೋ ರಸೀದಿ ಸಲ್ಲಿಸಿದ ಮೇಲೋ, ಒಂದು ವರ್ಷದೊಳಗೆ ಕೆಲಸ ಬಿಟ್ಟರೆ ಹಿಂದಿರುಗಿಸಬೇಕೋ ಎಂಬುದನ್ನೂ ಓದಿಕೊಳ್ಳಿ.

ಮನೆ ಹಿಡಿಯುವಾಗ ಒಮ್ಮೆಗೇ ಹೋಗುವ ಹಣ ಹೊಸಬರನ್ನು ಹೆಚ್ಚು ಕಷ್ಟಕ್ಕೆ ದೂಡುತ್ತದೆ. ಉದಾಹರಣೆಗೆ ತಿಂಗಳ ಬಾಡಿಗೆ 40,000 ರೂಪಾಯಿ ಎಂದು ಇಟ್ಟುಕೊಳ್ಳೋಣ. ಮೂರು ತಿಂಗಳ ಠೇವಣಿ 1,20,000, ದಲ್ಲಾಳಿಗೆ ಒಂದು ತಿಂಗಳ ಬಾಡಿಗೆಯಷ್ಟು 40,000, ಮೊದಲ ತಿಂಗಳ ಬಾಡಿಗೆ 40,000, ಒಟ್ಟು 2,00,000 ರೂಪಾಯಿ ಮೊದಲ ಸಂಬಳ ಬರುವುದಕ್ಕಿಂತ ಮುಂಚೆಯೇ ಕೈಬಿಟ್ಟಿರುತ್ತದೆ. ಇದರ ಮೇಲೆ ಸಾಮಾನು ಸಾಗಣೆ, ಶಾಲೆಯ ಪ್ರವೇಶ ಶುಲ್ಕ, ಅಡುಗೆ ಅನಿಲ. ಈ ಹಣವನ್ನು ಕ್ರೆಡಿಟ್ ಕಾರ್ಡಿನಿಂದಾಗಲಿ, ಬರಲಿರುವ ಕಾಫಿ ಫಸಲಿನ ಮೇಲೆ ವ್ಯಾಪಾರಿಯಿಂದ ಮುಂಗಡ ಪಡೆದಾಗಲಿ ಹೊಂದಿಸಬೇಡಿ. ಕಾಫಿಯ ಬೆಲೆ ಏರಿದ ವರ್ಷದಲ್ಲಿ ಅದು ಸುಲಭದ ದಾರಿಯಂತೆ ಕಾಣುತ್ತದೆ, ಆದರೆ ಊರಿನಲ್ಲಿರುವ ಹಿರಿಯರ ವರ್ಷದ ಖರ್ಚೂ ಕೆಲಸದಾಳುಗಳ ಕೂಲಿಯೂ ನಡೆಯಬೇಕಾದದ್ದು ಅದೇ ಹಣದಿಂದ.

ತೆರಿಗೆಯ ವಿಷಯದಲ್ಲಿ ಎರಡು ಮಾತು ಸಾಕು. ಹಳೆಯ ತೆರಿಗೆ ಪದ್ಧತಿಯಲ್ಲಿ ಮನೆ ಬಾಡಿಗೆ ಭತ್ಯೆಯ ವಿನಾಯಿತಿಗೆ ಮುಂಬೈಯಲ್ಲಿ ಮೂಲ ವೇತನದ 50 ಪ್ರತಿಶತದವರೆಗೆ ಮಿತಿಯಿದೆ. ಹೊಸ ಪದ್ಧತಿಯಲ್ಲಿ ಆ ವಿನಾಯಿತಿಯೇ ಇಲ್ಲ. ಆದ್ದರಿಂದ ಬಾಡಿಗೆ ದೊಡ್ಡದಾಗಿರುವ ವರ್ಷದಲ್ಲಿ ಎರಡೂ ಪದ್ಧತಿಗಳಲ್ಲಿ ಲೆಕ್ಕ ಹಾಕಿ ನೋಡಿ ಆಮೇಲೆ ಆರಿಸಿಕೊಳ್ಳಿ. ಇನ್ನು ತಿಂಗಳ ಬಾಡಿಗೆ 50,000 ರೂಪಾಯಿ ಮೀರಿದರೆ ಅದರಲ್ಲಿ 2 ಪ್ರತಿಶತವನ್ನು ತೆರಿಗೆಯಾಗಿ ಮುರಿದು ಸರ್ಕಾರಕ್ಕೆ ಕಟ್ಟುವ ಹೊಣೆ ಬಾಡಿಗೆದಾರರದು.

ಮನೆ ಎಲ್ಲಿ, ಹೇಗೆ

ಈ ನಗರದಲ್ಲಿ ದೂರವನ್ನು ಕಿಲೋಮೀಟರಿನಲ್ಲಿ ಅಳೆಯುವುದರಿಂದ ಪ್ರಯೋಜನವಿಲ್ಲ; ಕಚೇರಿ ಯಾವ ರೈಲು ಮಾರ್ಗದ ಮೇಲಿದೆ ಎಂಬುದನ್ನು ನೋಡಬೇಕು. ಚರ್ಚ್‌ಗೇಟಿನಿಂದ ವಿರಾರ್ ಕಡೆಗೆ ಹೋಗುವ ಪಶ್ಚಿಮ ಮಾರ್ಗ, ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್‌ನಿಂದ ಠಾಣೆ, ಕಲ್ಯಾಣ್ ಕಡೆಗೆ ಹೋಗುವ ಮಧ್ಯ ಮಾರ್ಗ, ಪನ್ವೇಲಿಗೆ ಹೋಗುವ ಹಾರ್ಬರ್ ಮಾರ್ಗ, ಠಾಣೆಯನ್ನು ನವಿ ಮುಂಬೈಗೆ ಸೇರಿಸುವ ಟ್ರಾನ್ಸ್ ಹಾರ್ಬರ್ ಮಾರ್ಗ, ಈ ನಾಲ್ಕನ್ನು ಮೊದಲು ನಕ್ಷೆಯಲ್ಲಿ ಗುರುತಿಸಿಕೊಳ್ಳಿ. ಐರೋಳಿ, ಘನ್ಸೋಳಿ, ಮಹಾಪೆಯ ಕಡೆ ಕೆಲಸವಿರುವವರು ಠಾಣೆಯಲ್ಲೋ ಟ್ರಾನ್ಸ್ ಹಾರ್ಬರ್ ಮಾರ್ಗದ ನಿಲ್ದಾಣಗಳ ಹತ್ತಿರವೋ ಮನೆ ನೋಡುವುದು ಒಳ್ಳೆಯದು. ಪೊವಾಯಿಯಲ್ಲಿ ಕೆಲಸವಿರುವವರಿಗೆ ಕಾಂಜೂರ್‌ಮಾರ್ಗ್, ಭಾಂಡುಪ್, ಮುಲುಂಡ್ ಅನುಕೂಲ. ಅಂಧೇರಿಯ ಸೀಪ್ಜ್ ಎಂಬ ಕೈಗಾರಿಕಾ ವಲಯದ ಕಡೆಯವರಿಗೆ ಜೋಗೇಶ್ವರಿ, ಗೋರೆಗಾಂವ್. ಮೆಟ್ರೋ ಈಗ ನಗರದ ಹಲವು ಭಾಗಗಳನ್ನು ಜೋಡಿಸುತ್ತಿದೆ: ವರ್ಸೋವಾದಿಂದ ಘಾಟ್‌ಕೋಪರ್‌ವರೆಗಿನ ಮೊದಲ ಮಾರ್ಗ 2014ರಿಂದ ಓಡುತ್ತಿದೆ, ಆರೆಯಿಂದ ಕಫ್ ಪರೇಡಿನವರೆಗಿನ ನೆಲದಡಿಯ ಮೂರನೇ ಮಾರ್ಗ 2025ರಲ್ಲಿ ಪೂರ್ತಿಯಾಯಿತು. ಒಂದು ಮಾರ್ಗದಿಂದ ಇನ್ನೊಂದಕ್ಕೆ ದಾದರಿನಂಥ ನಿಲ್ದಾಣದಲ್ಲಿ ದಿನವೂ ಜನಸಂದಣಿಯ ನಡುವೆ ಬದಲಾಯಿಸಬೇಕಾದ ಮನೆಗಿಂತ, ಅದೇ ಮಾರ್ಗದಲ್ಲಿ ಇನ್ನೂ ಕೆಲವು ನಿಲ್ದಾಣ ಆಚೆಗಿರುವ ಮನೆಯೇ ಮೇಲು.

ಆದ್ದರಿಂದ ಕೆಲಸಕ್ಕೆ ಸೇರುವವರು ಒಬ್ಬರೇ ಮೊದಲು ಬಂದು, ಕಂಪನಿಯ ಅತಿಥಿಗೃಹದಲ್ಲೋ ಪೇಯಿಂಗ್ ಗೆಸ್ಟ್ ಆಗಿಯೋ ಕೆಲವು ವಾರ ಇದ್ದು, ಬೆಳಗಿನ ಮತ್ತು ಸಂಜೆಯ ದಟ್ಟಣೆಯ ಹೊತ್ತಿನಲ್ಲಿಯೇ ಪ್ರಯಾಣ ಮಾಡಿ ನೋಡಿ, ಆಮೇಲೆ ಕುಟುಂಬವನ್ನು ಕರೆಸಿಕೊಳ್ಳಬೇಕೆಂದು ನಾವು ಬಲವಾಗಿ ಹೇಳುತ್ತೇವೆ. ಭಾನುವಾರ ಮಧ್ಯಾಹ್ನ ಮನೆ ನೋಡಲು ಹೋದವರಿಗೆ ಸೋಮವಾರ ಬೆಳಗ್ಗೆಯ ಆ ನಿಲ್ದಾಣ ಹೇಗಿರುತ್ತದೆಂದು ಗೊತ್ತಾಗುವುದಿಲ್ಲ.

ಮನೆಯ ಅಳತೆಯನ್ನು ಕೇಳುವಾಗ ಕಾರ್ಪೆಟ್ ಏರಿಯಾ, ಅಂದರೆ ಗೋಡೆಗಳ ಒಳಗೆ ಬಳಕೆಗೆ ಸಿಗುವ ಜಾಗ, ಎಷ್ಟೆಂದೇ ಕೇಳಿ. ಜಾಹೀರಾತಿನಲ್ಲಿರುವ ದೊಡ್ಡ ಸಂಖ್ಯೆಯಲ್ಲಿ ಗೋಡೆಯೂ ಮೆಟ್ಟಿಲಿನ ಪಾಲೂ ಸೇರಿರಬಹುದು. ಅಂಗಳ, ಕಣ, ಸೌದೆ ಕೊಟ್ಟಿಗೆ ಇರುವ ಮನೆಯಲ್ಲಿ ಬೆಳೆದವರಿಗೆ 400 ಚದರಡಿಯ ಮನೆ ಮೊದಲಿಗೆ ಉಸಿರುಗಟ್ಟಿಸುತ್ತದೆ, ವಿಶೇಷವಾಗಿ ಜೊತೆಗೆ ಬಂದಿರುವ ಅತ್ತೆ ಮಾವಂದಿರಿಗೆ. ಬೀಟೆ ಮತ್ತು ತೇಗದ ಹಳೆಯ ಮಂಚ, ಕಪಾಟುಗಳನ್ನು ತರಬೇಡಿ. ಇಲ್ಲಿನ ಎಷ್ಟೋ ಕಟ್ಟಡಗಳ ಲಿಫ್ಟಿನೊಳಗೆ ಅವು ಹಿಡಿಸುವುದಿಲ್ಲ.

ಕರಾರಿನ ಹೆಸರು ಲೀವ್ ಅಂಡ್ ಲೈಸೆನ್ಸ್. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೇ ಕಲಮಿನಂತೆ ಇದು ಲಿಖಿತವಾಗಿರಬೇಕು, ನೋಂದಣಿಯೂ ಆಗಿರಬೇಕು, ಮತ್ತು ನೋಂದಣಿ ಮಾಡಿಸುವ ಹೊಣೆ ಮಾಲೀಕರದು. ನೋಂದಣಿಯಾಗದಿದ್ದರೆ, ಬೇರೆ ಪುರಾವೆ ಇಲ್ಲದಿರುವಾಗ ಬಾಡಿಗೆದಾರರು ಹೇಳುವ ಷರತ್ತುಗಳನ್ನೇ ನಿಜವೆಂದು ಕಾಯ್ದೆ ಪರಿಗಣಿಸುತ್ತದೆ. ಮುದ್ರಾಂಕ ಶುಲ್ಕ ಬಾಡಿಗೆಯ ಒಟ್ಟು ಮೊತ್ತ ಮತ್ತು ಠೇವಣಿಯ ಮೇಲಿನ ವರ್ಷಕ್ಕೆ 10 ಪ್ರತಿಶತ ಬಡ್ಡಿ ಇವೆರಡನ್ನು ಕೂಡಿಸಿದ ಮೇಲೆ 0.25 ಪ್ರತಿಶತ. ಮೇಲಿನ 40,000 ರೂಪಾಯಿಯ ಉದಾಹರಣೆಯಲ್ಲಿ ಅದು ಸುಮಾರು 1,130 ರೂಪಾಯಿ. ನಗರ ವ್ಯಾಪ್ತಿಯ ನೋಂದಣಿ ಶುಲ್ಕ 1,000. ಇಷ್ಟು ಚಿಕ್ಕ ಖರ್ಚನ್ನು ಉಳಿಸಲೆಂದು ನೋಂದಣಿ ಬೇಡವೆನ್ನುವ ಮಾಲೀಕರ ಮನೆಯನ್ನು ಬಿಟ್ಟು ಮುಂದೆ ಹೋಗಿ. ವಿಳಾಸದ ದಾಖಲೆಗೆ, ಶಾಲೆಗೆ, ಅನಿಲ ಸಂಪರ್ಕಕ್ಕೆ, ಕಂಪನಿಗೆ ಎಲ್ಲ ಕಡೆ ಈ ಕರಾರಿನ ಪ್ರತಿಯೇ ಬೇಕಾಗುತ್ತದೆ. ಸೊಸೈಟಿಯ ಒಪ್ಪಿಗೆ ಪತ್ರವನ್ನೂ ಪೊಲೀಸರಿಗೆ ಬಾಡಿಗೆದಾರರ ಮಾಹಿತಿ ಕೊಟ್ಟಿರುವ ದಾಖಲೆಯನ್ನೂ ಪಡೆದುಕೊಳ್ಳಿ.

ಊಟದ ವಿಷಯವನ್ನು ಮುಚ್ಚಿಡದೆ ಮೊದಲೇ ಹೇಳಿಬಿಡಬೇಕು. ಮಾಂಸಾಹಾರಿಗಳಿಗೆ ಮನೆ ಕೊಡದ ಮಾಲೀಕರು ಈ ನಗರದ ಹಲವು ಬಡಾವಣೆಗಳಲ್ಲಿದ್ದಾರೆ. ಪಂದಿಕರಿಯ ವಾಸನೆ ಮೆಟ್ಟಿಲಿಗೆ ಬಂದ ದಿನ ಜಗಳವಾಡುವುದಕ್ಕಿಂತ, ದಲ್ಲಾಳಿಗೆ ಮೊದಲ ದಿನವೇ ಸ್ಪಷ್ಟವಾಗಿ ತಿಳಿಸಿ ಒಪ್ಪುವವರ ಮನೆಯನ್ನೇ ಹುಡುಕುವುದು ಎಲ್ಲರಿಗೂ ನೆಮ್ಮದಿ. ಪಂದಿಕರಿಗೆ ಹಾಕುವ ಕಾಚಂಪುಳಿ ಹುಳಿಯನ್ನೂ ಕಡುಂಬುಟ್ಟು ಎಂಬ ಕಡುಬಿನ ಅಕ್ಕಿ ತರಿಯನ್ನೂ ಊರಿನಿಂದಲೇ ತನ್ನಿ.

ಮಳೆಯ ಬಗ್ಗೆ ಕೊಡಗಿನವರಿಗೆ ಒಂದು ವಿಶೇಷ ಎಚ್ಚರಿಕೆ

ಕಕ್ಕಡ ಮಾಸದ, ಅಂದರೆ ಕೊಡಗಿನ ನಡುಮಳೆಗಾಲದ, ಮಳೆಯನ್ನು ಕಂಡವರಿಗೆ ಮುಂಬೈಯ ಮಳೆ ಏನು ಮಹಾ ಎಂದು ಹಲವರು ಭಾವಿಸಿಕೊಂಡು ಬರುತ್ತಾರೆ. ನಮ್ಮೂರಿನಲ್ಲಿ ಸುರಿದ ನೀರು ಇಳಿಜಾರು ಹಿಡಿದು ಹೊಳೆ ಸೇರುತ್ತದೆ. ಅಲ್ಲಿನ ಭಯ ಮಣ್ಣು ಕುಸಿಯುವುದು. ಇಲ್ಲಿ ಸಮುದ್ರ ಉಬ್ಬರದಲ್ಲಿರುವ ಹೊತ್ತಿನಲ್ಲಿಯೇ ಮಳೆ ಜೋರಾದರೆ ಚರಂಡಿಯ ನೀರಿಗೆ ಹೋಗಲು ದಾರಿಯೇ ಇರುವುದಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನದಲ್ಲಿ 944 ಮಿಲಿಮೀಟರ್ ಮಳೆ ದಾಖಲಾಗಿ ನಗರವೇ ನಿಂತುಹೋಗಿತ್ತು. ಆದ್ದರಿಂದ ಮನೆ ನೋಡುವಾಗ ಹಿಂದಿನ ಮಳೆಗಾಲದಲ್ಲಿ ಗೇಟಿನ ಮುಂದೆ ನೀರು ನಿಂತಿತ್ತೇ ಎಂದು ಮಾಲೀಕರನ್ನು ಕೇಳುವುದಷ್ಟೇ ಅಲ್ಲದೆ ಕಾವಲುಗಾರರನ್ನೂ ಎದುರಿನ ಅಂಗಡಿಯವರನ್ನೂ ಕೇಳಿ. ಹಿಂದ್‌ಮಾತಾ, ಅಂಧೇರಿ ಸಬ್‌ವೇ, ಮಿಲನ್ ಸಬ್‌ವೇಗಳ ಆಸುಪಾಸಿನಲ್ಲಿ ನೆಲಮಹಡಿಯ ಮನೆ ಬೇಡ. ಜೋರು ಮಳೆಯ ದಿನ ಹೊರಡುವ ಮುನ್ನ ಉಬ್ಬರದ ಸಮಯವನ್ನು ನೋಡಿಕೊಳ್ಳುವುದನ್ನು ಮನೆಯವರೆಲ್ಲರೂ ಅಭ್ಯಾಸ ಮಾಡಿಕೊಳ್ಳಬೇಕು. ಇಷ್ಟು ಮಳೆ ಬಂದರೂ ನಲ್ಲಿಯಲ್ಲಿ ನೀರು ದಿನದ ಕೆಲವು ಗಂಟೆ ಮಾತ್ರ ಬರುವ ಕಟ್ಟಡಗಳು ಬಹಳ. ಬೇಸಗೆಯಲ್ಲಿ ಟ್ಯಾಂಕರ್ ತರಿಸುತ್ತಾರೆಯೇ, ಅದರ ಖರ್ಚು ಯಾರದು ಎಂದು ಕೇಳಿಕೊಳ್ಳಿ.

ಸಾಮಾನು ಸಾಗಿಸಲು ಏಪ್ರಿಲ್, ಮೇ ತಿಂಗಳೇ ಸರಿ. ಜೂನ್ ಕಳೆದರೆ ಸಂಪಾಜೆ ಘಾಟಿಯಲ್ಲಿ ಭಾರಿ ವಾಹನಗಳಿಗೆ ಜಿಲ್ಲಾಡಳಿತ ಆಗಾಗ ನಿರ್ಬಂಧ ಹಾಕುತ್ತದೆ, ಕೊಂಕಣ ರೈಲು ಮಾರ್ಗದಲ್ಲಿಯೂ ಮಳೆಗಾಲದ ನಿಧಾನಗತಿಯ ವೇಳಾಪಟ್ಟಿ ಜಾರಿಗೆ ಬರುತ್ತದೆ.

ಮಕ್ಕಳ ಶಾಲೆ

ಚಿಕ್ಕ ಮಕ್ಕಳಿಗೆ ಹೆಚ್ಚಿನ ತೊಂದರೆಯಿಲ್ಲ. ಮಹಾರಾಷ್ಟ್ರದಲ್ಲಿ 2020ರ ಕಾಯ್ದೆಯಂತೆ ಎಲ್ಲ ಬೋರ್ಡುಗಳ ಶಾಲೆಗಳಲ್ಲಿಯೂ ಮರಾಠಿ ಕಲಿಕೆ ಕಡ್ಡಾಯ. ಹಿಂದಿ ಓದಿದ ಮಕ್ಕಳಿಗೆ ಲಿಪಿ ಗೊತ್ತಿರುವುದರಿಂದ ಬೇಗ ಹಿಡಿತ ಸಿಗುತ್ತದೆ. ನಡುವಿನ ತರಗತಿಗೆ ಬಂದವರಿಗೆ ರಿಯಾಯಿತಿ ಇದೆಯೇ ಎಂದು ಶಾಲೆಯಲ್ಲಿ ವಿಚಾರಿಸಿ. ಮಹಾನಗರ ಪಾಲಿಕೆ ಕನ್ನಡ ಮಾಧ್ಯಮದ ಶಾಲೆಗಳನ್ನೂ ನಡೆಸುತ್ತಿದೆ.

ಒಂಬತ್ತನೇ ತರಗತಿ ಮೇಲ್ಪಟ್ಟ ಮಕ್ಕಳಿದ್ದರೆ ಮಾತ್ರ ಬಹಳ ಯೋಚಿಸಿ. ಕರ್ನಾಟಕದ ವೃತ್ತಿಶಿಕ್ಷಣ ಸೀಟುಗಳಿಗೆ ಪ್ರಮುಖ ಅರ್ಹತಾ ವರ್ಗದಲ್ಲಿ ಕನಿಷ್ಠ 7 ವರ್ಷ ರಾಜ್ಯದಲ್ಲಿ ಓದಿರಬೇಕೆಂಬ ಷರತ್ತಿದೆ. ಮಹಾರಾಷ್ಟ್ರದಲ್ಲಿ ರಾಜ್ಯದ ಪಾಲಿನ ಸೀಟು ಸಾಮಾನ್ಯವಾಗಿ 10 ಮತ್ತು 12ನೇ ತರಗತಿ ಎರಡನ್ನೂ ಇಲ್ಲಿಯೇ ಮುಗಿಸಿದವರಿಗೆ. ಹತ್ತನ್ನು ಊರಿನಲ್ಲಿ, ಹನ್ನೆರಡನ್ನು ಇಲ್ಲಿ ಮುಗಿಸಿದ ಮಗು ಎರಡು ರಾಜ್ಯಗಳ ನಡುವೆ ಸಿಕ್ಕಿಕೊಳ್ಳುವ ಸಾಧ್ಯತೆಯಿದೆ. ಆಯಾ ವರ್ಷದ ಪ್ರವೇಶ ಕೈಪಿಡಿಗಳನ್ನು ಓದಿ ಖಚಿತಪಡಿಸಿಕೊಳ್ಳದೆ ವರ್ಗಾವಣೆ ಪತ್ರ ಪಡೆಯಬೇಡಿ. ಅಜ್ಜ ಅಜ್ಜಿಯರು ಗಟ್ಟಿಯಾಗಿದ್ದರೆ ಆ ಎರಡು ವರ್ಷ ಮಗು ಅವರೊಂದಿಗೆ ಊರಿನಲ್ಲಿಯೇ ಉಳಿದು ಓದುವುದು ಅನೇಕ ಕುಟುಂಬಗಳಿಗೆ ಸೂಕ್ತವಾಗುತ್ತದೆ. ಅದು ಮನಸ್ಸಿಗೆ ಭಾರವಾದ ತೀರ್ಮಾನವೆಂಬುದನ್ನು ನಾವು ಬಲ್ಲೆವು. ಜಾತಿ, ಆದಾಯ, ವಾಸಸ್ಥಳದ ಪ್ರಮಾಣಪತ್ರಗಳನ್ನು ಊರು ಬಿಡುವ ಮುನ್ನವೇ ಮಾಡಿಸಿಟ್ಟುಕೊಳ್ಳಿ.

ಊರಿನಲ್ಲಿ ಬಿಟ್ಟು ಬರುವುದು

ಅರೇಬಿಕಾ ಕೊಯ್ಲು ಡಿಸೆಂಬರಿನ ಸುಮಾರಿಗೆ, ರೊಬಸ್ಟಾ ಅದರ ಹಿಂದೆಯೇ ಜನವರಿಯಿಂದ, ಆಮೇಲೆ ಹೂಮಳೆಯ ಕಾಯುವಿಕೆ, ಹೀಗೆ ನವೆಂಬರಿನಿಂದ ಮಾರ್ಚ್‌ವರೆಗೆ ತೋಟಕ್ಕೆ ಮನೆಯವರೊಬ್ಬರು ಬೇಕೇ ಬೇಕು. ಪ್ರೊಬೇಷನ್ ಅವಧಿಯಲ್ಲಿ ರಜೆ ಕಡಿಮೆಯಿರುವುದರಿಂದ ಈ ವಿಷಯವನ್ನು ಸೇರುವ ಮುಂಚೆಯೇ ಕಂಪನಿಯೊಂದಿಗೆ ಮಾತಾಡಿ. ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವ ನಂಬಿಕೆಯ ರೈಟರ್ ಇದ್ದರೂ ಕೂಲಿ ಪಾವತಿಗೆ, ಸಹಿಗೆ ಒಬ್ಬ ರಕ್ತಸಂಬಂಧಿಗೆ ನೋಂದಾಯಿತ ಅಧಿಕಾರ ಪತ್ರ ಕೊಡುವುದು ಒಳ್ಳೆಯದು, ಆದರೆ ಅದರಲ್ಲಿ ಮಾರುವ, ಅಡವಿಡುವ ಹಕ್ಕನ್ನು ಸೇರಿಸಬೇಡಿ. ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಮೀನಿನ ದಾಖಲೆ ಒಕ್ಕದ (ಮನೆತನದ) ಹಿರಿಯರ ಹೆಸರಿನಲ್ಲಿದ್ದರೆ ಪಹಣಿಯ ಪ್ರತಿಗಳನ್ನು ತೆಗೆಸಿಕೊಂಡು ಬನ್ನಿ.

ಕೋವಿಯನ್ನು ಇಲ್ಲಿಗೆ ತರಬೇಡಿ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಶಸ್ತ್ರಾಸ್ತ್ರ ಕಾಯ್ದೆಯಲ್ಲಿರುವ ವಿನಾಯಿತಿ 2029ರವರೆಗೆ ವಿಸ್ತರಣೆಯಾಗಿದೆಯಾದರೂ, ಅದನ್ನು ನೆಚ್ಚಿ ಮುಂಬೈಯ ಬಾಡಿಗೆ ಮನೆಯಲ್ಲಿ ಬಂದೂಕು ಇಟ್ಟುಕೊಳ್ಳುವುದು ಸಲ್ಲದು. ಊರಿನಲ್ಲಿ ಯಾರ ಸುಪರ್ದಿಯಲ್ಲಿಡಬೇಕೆಂದು ಮಡಿಕೇರಿಯ ಜಿಲ್ಲಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ. ಕೊಡಗಿನಲ್ಲಿ ನೋಂದಣಿಯಾದ ಕೆಎ 12ರ ಕಾರನ್ನೂ ಮೊದಲ ವರ್ಷ ಊರಿನಲ್ಲಿಯೇ ಬಿಡಿ. 12 ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿಟ್ಟುಕೊಂಡರೆ ಮರುನೋಂದಣಿಯಾಗಬೇಕು, ಮಡಿಕೇರಿಯಿಂದ ನಿರಾಕ್ಷೇಪಣಾ ಪತ್ರ ತರಬೇಕು, ಇಲ್ಲಿ ರಸ್ತೆ ತೆರಿಗೆ ಕಟ್ಟಬೇಕು. ಹಿರಿಯರನ್ನು ಆಸ್ಪತ್ರೆಗೆ ಕರೆದೊಯ್ಯಲು ಆ ಕಾರಿನ ಅಗತ್ಯ ಅಲ್ಲಿಯೇ ಹೆಚ್ಚು. ಕಂಪನಿಯ ಆರೋಗ್ಯ ವಿಮೆಗೆ ತಂದೆ ತಾಯಿಯರನ್ನು ಸೇರಿಸಲು ಸಾಮಾನ್ಯವಾಗಿ ಸೇರಿದ ಮೊದಲ ಕೆಲವು ವಾರಗಳಲ್ಲಿ ಮಾತ್ರ ಅವಕಾಶವಿರುತ್ತದೆ, ಅದನ್ನು ತಪ್ಪಿಸಬೇಡಿ.

ಊರಿಗೆ ಹೋಗಿ ಬರಲು ಮಂಗಳೂರು ವಿಮಾನ ನಿಲ್ದಾಣವೂ 2018ರಲ್ಲಿ ಆರಂಭವಾದ ಕಣ್ಣೂರು ವಿಮಾನ ನಿಲ್ದಾಣವೂ ಇವೆ; ಮಡಿಕೇರಿ, ವಿರಾಜಪೇಟೆ ಕಡೆಯವರಿಗೆ ಕಣ್ಣೂರೇ ಹತ್ತಿರ. ಮಂಗಳೂರಿನಿಂದ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಮಧ್ಯಾಹ್ನ ಹೊರಟು ಮರುದಿನ ಬೆಳಗ್ಗೆ ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್ ಸೇರುತ್ತದೆ. ರೈಲು ಟಿಕೆಟನ್ನು ಈಗ 60 ದಿನ ಮುಂಚೆ ಮಾತ್ರ ಕಾಯ್ದಿರಿಸಬಹುದು. ಆಯುಧಪೂಜೆಯ ಹಬ್ಬವಾದ ಕೈಲ್ ಮುಹೂರ್ತಕ್ಕೂ ತುಲಾ ಸಂಕ್ರಮಣಕ್ಕೂ ದಿನ ಮೊದಲೇ ಗೊತ್ತಿರುವುದರಿಂದ ಕಷ್ಟವಿಲ್ಲ, ಸುಗ್ಗಿಯ ಹಬ್ಬವಾದ ಹುತ್ತರಿಯ ದಿನ ಮಾತ್ರ ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ದೇವಾಲಯದಲ್ಲಿ ನಿಶ್ಚಯವಾಗುವ ಹೊತ್ತಿಗೆ ರೈಲು ತುಂಬಿರಬಹುದು. ನವೆಂಬರ್ ಕೊನೆ, ಡಿಸೆಂಬರ್ ಮೊದಲ ಭಾಗದ ಹುಣ್ಣಿಮೆಯನ್ನು ಪಂಚಾಂಗದಲ್ಲಿ ನೋಡಿ ಟಿಕೆಟ್ ತೆಗೆದಿಟ್ಟುಕೊಳ್ಳಿ.

ಮಾಟುಂಗಾದ ಮೈಸೂರು ಅಸೋಸಿಯೇಷನ್, ಕರ್ನಾಟಕ ಸಂಘ, ಮುಂಬೈ ವಿಶ್ವವಿದ್ಯಾಲಯದ ಕನ್ನಡ ವಿಭಾಗ ಇವುಗಳ ಕಾರ್ಯಕ್ರಮಗಳಿಗೆ ಹೊಸಬರು ಧಾರಾಳವಾಗಿ ಹೋಗಬಹುದು. ಹೊರಡುವ ತಿಂಗಳು ನಿಶ್ಚಯವಾದ ಕೂಡಲೇ ಕಚೇರಿ ಇರುವ ಸ್ಥಳ, ಮಕ್ಕಳ ತರಗತಿ, ಜೊತೆಗೆ ಬರುವ ಹಿರಿಯರ ಸಂಖ್ಯೆ ಇಷ್ಟನ್ನು ನಮ್ಮ ಸಂಘಕ್ಕೆ ಬರೆದು ತಿಳಿಸಿ. ಅದೇ ರೈಲು ಮಾರ್ಗದಲ್ಲಿ ವಾಸವಾಗಿರುವ ಒಂದು ಕುಟುಂಬದ ಪರಿಚಯ ಮಾಡಿಸಿ, ಮನೆ ನೋಡಲು ಹೋಗುವಾಗ ಮರಾಠಿ ಬಲ್ಲ ಒಬ್ಬರನ್ನು ನಿಮ್ಮೊಂದಿಗೆ ಕಳುಹಿಸಿಕೊಡುತ್ತೇವೆ.