ಇಲಿಮರಿಯ ಒಳಕಿವಿ: ಪ್ರೊಟೀನ್ ಗ್ರಾಫ್ ಓದುವುದು ಹೇಗೆ?

ಹಾಸನದ ಡಿಗ್ರಿ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಡುತ್ತೇನೆ. ಸೆಮಿನಾರ್ ಬಂತೆಂದರೆ ಯಾರಾದರೊಬ್ಬರು ಒಳಕಿವಿಯ ಪ್ರೊಟೀನ್ ಬಗ್ಗೆ ಪೇಪರ್ ಹಿಡಿದು ಬರುತ್ತಾರೆ. ಮೊದಲ ಪುಟಕ್ಕೇ ಸುಸ್ತಾಗಿರುತ್ತಾರೆ. ಅವರಿಗೆ ನಾನು ಹೇಳುವ ದಾರಿ ಇದು.

ಪೇಪರ್ ಪಕ್ಕಕ್ಕಿಡಿ. ಗ್ರಾಫ್ ಶೀಟಿನಲ್ಲಿ ಒಂದು ಅಡ್ಡಗೆರೆ ಎಳೆಯಿರಿ. ಎಡತುದಿಗೆ 0 ಬರೆಯಿರಿ, ಅದು ಮರಿ ಹುಟ್ಟಿದ ದಿನ. ಬಲಕ್ಕೆ ದಿನಗಳನ್ನು ಗುರುತಿಸುತ್ತಾ ಹೋಗಿ, 12ರ ಮೇಲೆ ಕೆಂಪು ಪೆನ್ನಿನಲ್ಲಿ ಉದ್ದಗೆರೆ ಹಾಕಿ. ಇಲಿಮರಿ ಹುಟ್ಟುವಾಗ ಕಿವುಡು. ಅದಕ್ಕೆ ಹೊರಗಿನ ಸದ್ದು ಕೇಳಲು ಶುರುವಾಗುವುದು ಸುಮಾರು 12ನೇ ದಿನಕ್ಕೆ. ಇನ್ನು ಯಾವ ಪ್ರೊಟೀನ್ ಹೆಸರು ಬಂದರೂ ಕೇಳಬೇಕಾದ್ದು ಒಂದೇ: ಇದರ ಪ್ರಮಾಣ ಏರುವುದು ಕೆಂಪು ಗೆರೆಗೆ ಮುಂಚೆಯಾ, ಆಮೇಲಾ?

ಮೊದಲು ಪ್ರೆಸ್ಟಿನ್ ಹಾಕಿ ನೋಡಿ. 2000ರಲ್ಲಿ ಪೀಟರ್ ಡ್ಯಾಲೋಸ್ ಅವರ ತಂಡ ಗುರುತಿಸಿದ ಪ್ರೊಟೀನ್ ಇದು. ಒಳಕಿವಿಯಲ್ಲಿ ಸದ್ದು ಹಿಡಿಯುವ, ತುದಿಯಲ್ಲಿ ಕೂದಲಿನಂಥ ಎಳೆಗಳಿರುವ ಕೋಶಗಳ, ಅಂದರೆ ಹೊರಸಾಲಿನ ಹೇರ್ ಸೆಲ್‌ಗಳ ಪೊರೆಯಲ್ಲಿರುತ್ತದೆ. ವೋಲ್ಟೇಜ್ ಬದಲಾದಂತೆ ಕೋಶವನ್ನೇ ಕುಗ್ಗಿಸಿ ಹಿಗ್ಗಿಸಿ, ಸಣ್ಣ ಸದ್ದಿಗೂ ಬಲ ಕೊಡುತ್ತದೆ. ಹುಟ್ಟಿದಾಗ ತೀರಾ ಕಡಿಮೆ. ಮೊದಲೆರಡು ವಾರಗಳಲ್ಲಿ ಜಾಸ್ತಿಯಾಗುತ್ತಾ ಹೋಗುತ್ತದೆ. ಕಿವಿ ಕೇಳುವ ಹೊತ್ತಿಗೆ ಸಿದ್ಧವಾಗಿರಬೇಕಲ್ವಾ? ಇಳಿಯುವ ಗೆರೆಗಳನ್ನೂ ಬಿಡಬೇಡಿ. ಸದ್ದಿನ ಅಲುಗಾಟವನ್ನು ವಿದ್ಯುತ್ ಸಂಕೇತವಾಗಿಸುವ ಪ್ರೊಟೀನ್‌ಗಳು ಟಿಎಂಸಿ1, ಟಿಎಂಸಿ2. ಕಾಕ್ಲಿಯಾದಲ್ಲಿ, ಅಂದರೆ ಒಳಕಿವಿಯ ಶಂಖದಂಥ ಸುರುಳಿಯಲ್ಲಿ, ಟಿಎಂಸಿ2 ಮೊದಲು ಕಾಣಿಸಿ ಇಳಿಯುತ್ತದೆ, ಟಿಎಂಸಿ1 ಅದರ ಜಾಗ ಹಿಡಿಯುತ್ತದೆ. ನನಗೆ ಏರುವ ಗೆರೆಗಿಂತ ಈ ಅದಲು ಬದಲೇ ಇಷ್ಟ.

ಇನ್ನು ಎಲ್ಲರೂ ಜಾರುವ ಜಾಗ. ಸ್ಯಾಂಪಲ್ ಹೇಗೆ ತೆಗೆದರು ಅನ್ನುವುದನ್ನು 'ವಿಧಾನ' ಭಾಗದಲ್ಲಿ ಹುಡುಕಿ ಅಡಿಗೆರೆ ಹಾಕಿ. ಇಡೀ ಕಾಕ್ಲಿಯಾ ಅರೆದಿದ್ದರೆ ಅದರಲ್ಲಿ ಹೇರ್ ಸೆಲ್ ಪಾಲು ತುಂಬಾ ಕಮ್ಮಿ. ಅದೇ ದಿನಗಳಲ್ಲಿ ನರಕ್ಕೆ ಮೈಲಿನ್ ಹೊದಿಕೆ ಬರುತ್ತಿರುತ್ತದೆ, ಸುತ್ತಲ ಮೂಳೆ ಗಟ್ಟಿಯಾಗುತ್ತಿರುತ್ತದೆ. ಆ ಪ್ರೊಟೀನ್‌ಗಳೂ ಏರುತ್ತವೆ. ಹಿಮೋಗ್ಲೋಬಿನ್ ಕಂಡರೆ ಅದು ರಕ್ತದ್ದು, ಸುಮ್ನೆ ಖುಷಿಪಡಬೇಡಿ. ಎಲ್ಲ ಕೋಶಗಳಲ್ಲೂ ಇರುವ ಆಕ್ಟಿನ್ ಪ್ರೊಟೀನಿನ ಬ್ಯಾಂಡನ್ನು (ಪ್ರಮಾಣ ತೋರಿಸುವ ಪಟ್ಟಿ) ಹೋಲಿಕೆಗೆ ಅಳತೆಗೋಲಾಗಿ ಇಟ್ಟಿದ್ದರೆ ಇನ್ನೊಮ್ಮೆ ಯೋಚಿಸಿ. ಹೇರ್ ಸೆಲ್ ತುದಿಯ ಕೂದಲುಗಳ ತುಂಬ ಇರುವುದೇ ಆಕ್ಟಿನ್. ಅವು ಬೆಳೆಯುವಾಗ ಆ ಅಳತೆಗೋಲೂ ಬದಲಾಗಬಹುದು.

ಕೊನೆಗೆ, ಇಲಿಯ 12 ದಿನವನ್ನು ಮಗುವಿನ 12 ದಿನಕ್ಕೆ ತಾಳೆ ಹಾಕಬೇಡಿ. ನಮ್ಮ ಕಡೆ ತೊಟ್ಟಿಲು ಶಾಸ್ತ್ರದಲ್ಲಿ ಸೋದರತ್ತೆ ಬಗ್ಗಿ ಕಿವಿಯಲ್ಲಿ ಹೆಸರು ಹೇಳುತ್ತಾಳಲ್ಲ, ಅಷ್ಟೊತ್ತಿಗೆ ಮಗು ಕೇಳಲು ಶುರುಮಾಡಿ ತಿಂಗಳುಗಳೇ ಆಗಿರುತ್ತವೆ. ಇಲಿಮರಿಯಲ್ಲಿ ಹುಟ್ಟಿದ ಮೇಲೆ ಆಗುವ ಕೆಲಸದ ಬಹುಪಾಲು ಮನುಷ್ಯರಲ್ಲಿ ಬಸಿರಿನಲ್ಲೇ ಮುಗಿಯುತ್ತದೆ. ಹಾಗಾಗಿ ಸ್ಲೈಡಿನಲ್ಲಿ 'ನವಜಾತ' ಎಂದು ಬರೆಯದೆ 'ಇಲಿ, 5ನೇ ದಿನ' ಎಂದೇ ಬರೆಯಿರಿ.

ಸೆಮಿನಾರಿನಲ್ಲಿ ಯಾರಾದರೂ 'ನಮ್ಮಕ್ಕನ ಪಾಪುಗೆ ಕಿವಿ ಕೇಳುತ್ತಾ, ನೋಡೋದು ಹೇಗೆ?' ಅಂತ ಕೇಳಿಯೇ ಕೇಳುತ್ತಾರೆ. ಚಪ್ಪಾಳೆ ತಟ್ಟಿ ನೋಡಿದರೆ ಸಾಲದು, ಮಗುವಿಗೆ ತಿಂಗಳು ತುಂಬುವುದರೊಳಗೆ ಓಎಇ ಪರೀಕ್ಷೆ (ಕಿವಿಯೊಳಗೆ ಸದ್ದು ಬಿಟ್ಟು, ಒಳಕಿವಿ ವಾಪಸ್ ಕಳಿಸುವ ಸಣ್ಣ ಸದ್ದನ್ನು ಅಳೆಯುವುದು) ಮಾಡಿಸಿ ಅನ್ನಿ. ಪ್ರೆಸ್ಟಿನ್ ಇರುವ ಆ ಹೊರಸಾಲಿನ ಕೋಶಗಳು ಕೆಲಸ ಮಾಡುತ್ತಿವೆಯಾ ಎಂದು ಅದು ನೋಡುತ್ತದೆ.