ಬೈಲಿ ಸೇತುವೆ ನದಿಗೆ ತಳ್ಳುವ ಮುಂಚೆ

ಭೂಕುಸಿತವಾದ ವಯನಾಡಿನ ಚೂರಲ್‌ಮಲೆಯಲ್ಲಿ 2024ರ ಆಗಸ್ಟ್ 1ರಂದು ಸಿದ್ಧವಾದ 190 ಅಡಿ ಬೈಲಿ ಸೇತುವೆಯನ್ನು ಟಿವಿಯಲ್ಲಿ ಕಂಡವರೆಲ್ಲ ಕೇಳಿದ್ದು ಒಂದೇ: ಅಷ್ಟು ಬೇಗ ಹೇಗೆ? ಕಟ್ಟಿದ್ದು ಬೆಂಗಳೂರಿನ ಹಲಸೂರು ಕೆರೆ ಬಳಿಯ ಮದ್ರಾಸ್ ಎಂಜಿನಿಯರ್ ಗ್ರೂಪ್. 1780ರಲ್ಲಿ ಎರಡು ಪಯನೀರ್ ತುಕಡಿಗಳಾಗಿ ಹುಟ್ಟಿದ ದಳ ಇದು. ಸೈನ್ಯದಲ್ಲಿ ಎಲ್ಲರೂ ಕರೆಯುವುದು 'ತಂಬಿ' ಅಂತ.

ಅಂದಹಾಗೆ ಬೈಲಿ ಅಂದರೆ ಸಿದ್ಧ ಉಕ್ಕಿನ ಚೌಕಟ್ಟುಗಳನ್ನು ಸ್ಥಳದಲ್ಲೇ ಜೋಡಿಸಿ ಹಾಕುವ ಸೇತುವೆ; ಬೇಗ ಮುಗಿಯುವುದು ಅದಕ್ಕೇ. ಎರಡನೇ ಮಹಾಯುದ್ಧದ ಹೊತ್ತಿಗೆ ಇದನ್ನು ರೂಪಿಸಿದ ಡೊನಾಲ್ಡ್ ಬೈಲಿಯ ಹೆಸರೇ ಇದಕ್ಕೆ. 1944ರ ಡಿಸೆಂಬರಿನಲ್ಲಿ ಬರ್ಮಾದ ಕಲೇವಾ ಬಳಿ ಚಿಂದ್ವಿನ್ ನದಿಗೆ 1,154 ಅಡಿ ಉದ್ದದ ತೇಲುವ ಬೈಲಿ ಹಾಕಿದ್ದರು.

ಸೇತುವೆಯ ಬದಿಗೆ ಜೋಡಿಸುವ ಉಕ್ಕಿನ ಚೌಕಟ್ಟೇ ಪ್ಯಾನೆಲ್. ಒಂದು ಪ್ಯಾನೆಲ್ 10 ಅಡಿ ಉದ್ದ, ಸುಮಾರು 260 ಕಿಲೋ. ಆರು ಜನ ಹೊರಬೇಕು. ಅಡ್ಡ ತೊಲೆಯಾದ ಟ್ರಾನ್ಸಮ್‌ಗೆ ಎಂಟು ಜನ. ಹೊಸಬರು ಎಡವುವುದು ಭಾರದಲ್ಲಲ್ಲ, ಪ್ಯಾನೆಲ್‌ಗಳನ್ನು ಒಂದಕ್ಕೊಂದು ಸೇರಿಸುವ ಪಿನ್ನಿನಲ್ಲಿ. ಪಿನ್ನಿನ ತಲೆಯ ಮೇಲೊಂದು ಗೀರು ಇರುತ್ತದೆ. ಅದು ಅಡ್ಡಡ್ಡ ಇರುವಂತೆ ಹೊಡೆಯಬೇಕು. ಗೀರು ನೆಟ್ಟಗಾದರೆ ಸೇಫ್ಟಿ ಪಿನ್ನಿನ ತೂತು ಪ್ಯಾನೆಲ್ಲಿನ ಉಕ್ಕಿನ ಪಟ್ಟಿಯ ಅಂಚಿಗೆ ಸಿಕ್ಕಿಕೊಳ್ಳುತ್ತದೆ, ಬೆರಳೂ ಹೋಗುವುದಿಲ್ಲ. ಬೋಲ್ಟು, ಕ್ಲಾಂಪುಗಳನ್ನು ಮೊದಲೇ ಬಿಗಿಮಾಡಬೇಡಿ. ಆ 'ಬೇ'ಯ, ಅಂದರೆ ಒಂದು ಪ್ಯಾನೆಲ್ ಉದ್ದದ ಭಾಗದ, ಸಾಮಾನೆಲ್ಲ ಕೂತ ಮೇಲಷ್ಟೇ ಸ್ಪ್ಯಾನರ್ ಎತ್ತಿ.

ಸೇತುವೆಯನ್ನು ಈಚೆ ದಡದಲ್ಲೇ ಜೋಡಿಸಿ, ರೋಲರುಗಳ ಮೇಲಿಟ್ಟು ತಳ್ಳುತ್ತೇವೆ. ಮುಂದೆ ಹಲಗೆ ಹಾಸದ ಹಗುರ ಮೂತಿ; ಹಿಂದೆ ಭಾರ. ಮೂತಿ ಆಚೆ ದಡ ಮುಟ್ಟುವವರೆಗೆ ಒಟ್ಟು ತೂಕದ ನಡುಬಿಂದು ಈಚೆ ದಡದಂಚಿನ ರಾಕಿಂಗ್ ರೋಲರಿನ ಹಿಂದೆಯೇ ಇರಬೇಕು, ಒಂದಡಿ ಮುಂದೆ ಸರಿದರೂ ಇಡೀ ಸೇತುವೆ ಹೊಳೆಗೆ ಮುಗ್ಗರಿಸುತ್ತದೆ. ಎಡ-ಬಲ ರೋಲರು ಒಂದೇ ಮಟ್ಟದಲ್ಲಿರದಿದ್ದರೆ ತಳ್ಳಿದಂತೆಲ್ಲ ಸೇತುವೆ ಒಂದು ಬದಿಗೆ ವಾಲಿಕೊಂಡು ಹೋಗುತ್ತದೆ. ಆಮೇಲೆ ಸರಿಪಡಿಸುವುದಕ್ಕಿಂತ ಮೊದಲೇ ಅರ್ಧ ಗಂಟೆ ಹೆಚ್ಚು ಮಟ್ಟ ನೋಡುವುದು ಲೇಸು.

ಮೂತಿ ತನ್ನ ಭಾರಕ್ಕೇ ಜೋತುಬೀಳುತ್ತದೆ. ಅದಕ್ಕೆ ಮೂತಿಯ ಎರಡು ಪ್ಯಾನೆಲ್‌ಗಳ ಕೆಳಗಿನ ಜೋಡಣೆಯಲ್ಲಿ ಲಾಂಚಿಂಗ್ ಲಿಂಕ್ ಎಂಬ ಕೊಂಡಿ ಸೇರಿಸುವುದು: ಲಿಂಕಿನ ಮುಂದಿರುವ ಪ್ರತಿಯೊಂದು 'ಬೇ' ಲೆಕ್ಕಕ್ಕೆ ಮೂತಿಯ ತುದಿ 13.5 ಇಂಚು ಏಳುತ್ತದೆ. ತುದಿಯಿಂದ ಎರಡು ಬೇ ಹಿಂದೆ ಲಿಂಕ್ ಹಾಕಿದರೆ 27 ಇಂಚು. ಆಚೆ ದಡ ಎತ್ತರವಿದ್ದರೂ ಇದೇ ಉಪಾಯ.

ದಾಟಿದ ಮೇಲೆ ಮೂತಿ ಬಿಚ್ಚಿ, ತುದಿಗಂಬ ಕೂರಿಸಿ, ಜಾಕಿನಿಂದ ಕೆಳಗಿಳಿಸುತ್ತೇವೆ. ನೆನಪಿಡಿ, 15 ಟನ್ನಿನ ಜಾಕ್ ತಲೆಯ ಮೇಲೆ ಅಷ್ಟು ಹೊತ್ತರೂ ಕೆಳಗೆ ಚಾಚಿದ ಅದರ ಕಾಲಿನ ಮೇಲೆ ಹೊರುವುದು ಏಳೂವರೆ ಟನ್ ಮಾತ್ರ. ಒಮ್ಮೆಗೆ ಒಂದೇ ತುದಿ, ಅದರ ಎರಡೂ ಬದಿ ಒಟ್ಟಿಗೆ, ಕೆಳಗೆ ಮರದ ದಿಮ್ಮಿಯ ಆಸರೆ ತಪ್ಪದಂತೆ ಇಳಿಸಬೇಕು.

ಮೊದಲ ಕೆಲವು ಲಾರಿ ಹೋದ ಮೇಲೆ ಕ್ಲಾಂಪುಗಳು ಸಡಿಲವಾಗಿರುತ್ತವೆ. ಮಳೆ ನೆಲದಲ್ಲಿ ಸೇತುವೆಯ ತುದಿ ಕೂತಿರುವ ಬೇಸ್ ಪ್ಲೇಟು ಕುಸಿದೂ ಇರುತ್ತದೆ. ವಾಹನ ತಡೆದು ಎರಡನ್ನೂ ನೋಡಿಯೇ ಮುಂದಿನ ಗಾಡಿ ಬಿಡಬೇಕು.